ಬೆತ್ತ ಹಚ್ಚೋದು: ನಮ್ಮ ಬೀದರ, ಕಲಬುರಗಿ, ಯಾದಗಿರಿ ಮೂರು ಜಿಲ್ಲೆಗೆ ಆಗ್ತದೋ ಇಲ್ಲೋ?

ಬಾವಿದಂಡಿ (ಹುಮನಾಬಾದ್)

ಶರಣ್ರಿ ಎಲ್ಲರಿಗೂ. ಬೆತ್ತದ ಬಗ್ಗೆ ಖಚಿತ ಮಾಹಿತಿ ಬೇಕಾಗ್ಯಾದ. ಹೊಲ ಕೆಂಪು ಜಂಬಿಟ್ಟಿಗೆ ಮಣ್ಣಿಂದು, ಬಾವಿ ಸುತ್ತ ಹಳೇ ಮಾವಿನ ಗಿಡ ಆರು ಅವ, ಬ್ಯಾಸಗಿದಾಗೂ ಬಾವಿ ಬತ್ತಂಗಿಲ್ಲ. ನರ್ಸರಿಯವರೊಬ್ಬರು "ಮಲೇಷಿಯಾ ಬೆತ್ತ ಹಚ್ರಿ, ಐದು ವರ್ಷಕ್ಕ ಕಟಾವಿಗೆ ಬರ್ತದ, ಎರಿ ಹೊಲಕ್ಕೂ ನಡೀತದ, ಕಡಿದ್ರ ಮತ್ತ ಚಿಗೀತದ" ಅಂತ ಸಸಿ ಮಾರ್ಲಿಕತ್ತಾರ. ಇದರಾಗ ಖರೇ ಎಷ್ಟು?

ತಾಳಿಗಿಡ (ಕಲಬುರಗಿ)

ಮೂರು ಮಾತಿನಲ್ಲಿ ಒಂದೂ ನಿಲ್ಲುವುದಿಲ್ಲ. ಸಸಿ ತರುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು.

ಆ ಹೆಸರಿಗೆ ಹೊಂದುವ ದಪ್ಪ ಬೆತ್ತ ಎಂದರೆ ಕಲಾಮಸ್ ಮನಾನ್. ಸುಮಾತ್ರಾ, ಮಲಯ ಪರ್ಯಾಯ ದ್ವೀಪದ ಮಳೆಕಾಡಿನ ಗುಡ್ಡಗಳಲ್ಲಿ ಬೆಳೆಯುವಂಥದ್ದು. ಅದು ಒಂಟಿಕಾಂಡದ ಜಾತಿ, ಬುಡದಲ್ಲಿ ಮರಿ ಹಾಕುವುದಿಲ್ಲ. ಕಡಿದರೆ ಗಿಡ ಅಲ್ಲಿಗೆ ಮುಗಿಯಿತು, ಮತ್ತೆ ಚಿಗುರುವ ಪ್ರಶ್ನೆಯೇ ಇಲ್ಲ. ತವರಿನಲ್ಲೇ ಕಟಾವಿಗೆ 12ರಿಂದ 15 ವರ್ಷ ಕಾಯುತ್ತಾರೆ. ಎರೆಮಣ್ಣಿನ ಮಾತು ಬೇರೆಯವರು ಹೇಳಲಿ.

ಬೆತ್ತ ಹುಲ್ಲಿನ ಜಾತಿಯಲ್ಲ, ಬಿದಿರಿನ ನೆಂಟನೂ ಅಲ್ಲ. ಅದು ಹತ್ತುವ ತಾಳೆ. ನಮ್ಮ ಸಿಂದಿ ಗಿಡ, ತೆಂಗು, ಬೆತ್ತ ಎಲ್ಲಾ ಒಂದೇ ಕುಲ. ಬಿದಿರಿನ ತುಂಡು ನೋಡಿದರೆ ಒಳಗೆ ಟೊಳ್ಳು. ಬೆತ್ತದ ತುಂಡು ಗಟ್ಟಿ, ಮುಖದ ತುಂಬ ಜರಡಿಯಂಥ ಸಣ್ಣ ರಂಧ್ರ. ತಾಳೆ ಆದ್ದರಿಂದ ಕಾಂಡ ವರ್ಷ ವರ್ಷ ದಪ್ಪವಾಗುವುದಿಲ್ಲ. ಬುಡದಿಂದ ಎಷ್ಟು ದಪ್ಪದಲ್ಲಿ ಹೊರಟಿತೋ ಅಷ್ಟೇ ದಪ್ಪದಲ್ಲಿ ಉದ್ದವಾಗುತ್ತದೆ. "ಇನ್ನೂ ನಾಲ್ಕು ವರ್ಷ ಬಿಟ್ಟರೆ ದಪ್ಪ ಆಗುತ್ತದೆ" ಎಂದು ಯಾರಾದರೂ ಹೇಳಿದರೆ ಅವರಿಗೆ ಬೆತ್ತ ಗೊತ್ತಿಲ್ಲ.

ನಮ್ಮ ರಾಜ್ಯದ ಬೆತ್ತಗಳು ಪಶ್ಚಿಮ ಘಟ್ಟದವು. ಹಂದಿಬೆತ್ತ ದಪ್ಪ, ಕುರ್ಚಿ ಕಾಲಿಗೆ ಆಗುವಂಥದ್ದು. ನಾಗಬೆತ್ತ ಕೂಡ ದಪ್ಪ, ಆದರೆ ಅಪರೂಪ. ಎರಡೂ ನಿತ್ಯಹಸಿರು ಕಾಡು ಬಿಟ್ಟು ಬರುವುದಿಲ್ಲ. ಬಯಲುಸೀಮೆಗೆ ಹತ್ತಿರ ಬರುವ ಒಂದೇ ಜಾತಿ ಕಲಾಮಸ್ ರೋಟಾಂಗ್. ಲಿನ್ನೇಯಸ್ 1753ರಲ್ಲೇ ಹೆಸರಿಟ್ಟ ಬೆತ್ತ ಅದು. ದಕ್ಷಿಣ ಭಾರತ, ಶ್ರೀಲಂಕಾದ ತಗ್ಗು ಬಯಲಿನಲ್ಲಿ, ಹೊಳೆದಂಡೆ, ಕೆರೆಯಂಚು, ದೇವರ ಕಾಡುಗಳಲ್ಲಿ ಬೆಳೆಯುತ್ತದೆ. ಗುಂಪುಕಾಂಡದ ಜಾತಿ, ಬುಡದಿಂದ ಮರಿ ಹಾಕುತ್ತದೆ. ಮುಳ್ಳಿನ ಹೊದಿಕೆ ತೆಗೆದರೆ ಕಾಂಡ ಕಿರುಬೆರಳಿನ ದಪ್ಪ. ಬುಟ್ಟಿ, ಕಟ್ಟು, ಹೆಣಿಗೆಗೆ ಸರಿ. ಸೋಫಾದ ಚೌಕಟ್ಟಿಗೆ ಸಾಲದು.

ಬಾವಿಯಲ್ಲಿ ನೀರಿದೆ ಎಂದಿರಿ. ಬೆತ್ತಕ್ಕೆ ಬುಡದ ನೀರು ಅರ್ಧ ಮಾತ್ರ. ಇನ್ನರ್ಧ ಗಾಳಿಯ ತೇವ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ 42 ಡಿಗ್ರಿ ಬಿಸಿಲಿಗೆ ಒಣಗಾಳಿ ಬೀಸುವಾಗ, ಬುಡ ಕೆಸರಾಗಿದ್ದರೂ ಗರಿಯ ತುದಿ ಸುಟ್ಟು ಹೋಗುತ್ತದೆ. ಬೇರು ಎಳೆಯುವುದಕ್ಕಿಂತ ಜಾಸ್ತಿ ನೀರನ್ನು ಗರಿ ಕಳೆದುಕೊಳ್ಳುತ್ತದೆ. ಹಾಗಾಗಿ ಕೇಳಬೇಕಾದದ್ದು "ನೀರು ಇದೆಯೇ" ಅಲ್ಲ, "ಪಡುವಣ ಬಿಸಿಗಾಳಿ ತಡೆಯುವ ದಟ್ಟ ನೆರಳು ಇದೆಯೇ" ಎಂದು.

ಎರಿಹೊಲ (ಜೇವರ್ಗಿ)

ಎರಿ ಮಣ್ಣಿನ ಮಾತು ನಾ ಹೇಳ್ತೀನ್ರಿ. ಮೂರು ಕಾರಣಕ್ಕ ಆಗಲ್ಲ. ಮಳಿಗಾಲದಾಗ ನೀರು ನಿಂತು ಬೇರಿಗೆ ಗಾಳಿ ಸಿಗಂಗಿಲ್ಲ, ಎಳೆ ಸಸಿ ಬುಡ ಕೊಳೀತದ. ಬ್ಯಾಸಗಿದಾಗ ನೆಲ ಗೇಣಗಲ ಬಿರಿತದ, ಬೆತ್ತದ ಬೇರು ಹೆಚ್ಚಿಂದು ಮ್ಯಾಲಿನ ಪದರದಾಗೇ ಇರೋದ್ರಿಂದ ಬಿರುಕಿನ ಜೋಡಿ ಬೇರೂ ಹರೀತದ. ಮೂರನೇದು ಸುಣ್ಣ. ನಮ್ಮ ಎರಿ ಮಣ್ಣಿನ ಪಿ.ಎಚ್. 8ರ ಆಸುಪಾಸು. ಬೆತ್ತಕ್ಕ ಸ್ವಲ್ಪ ಹುಳಿ ಇರೋ ಮಣ್ಣು ಬೇಕು. ಸುಣ್ಣದ ನೆಲದಾಗ ಕಬ್ಬಿಣ ಸಿಗದ ಎಳೆಗರಿ ಹಳದಿ ಆಗ್ತದ, ನರ ಅಷ್ಟೇ ಹಸರು ಉಳೀತದ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಸಿಡ್ ಕಲಿಸಿ ಸಂಜೀಮುಂದ ಹೊಡದ್ರ ಒಂದಿಷ್ಟು ದಿನ ಹಸರಾಗ್ತದ, ಮುಂದಿನ ಗರಿ ಮತ್ತ ಹಳದಿನೇ. ಎರಿ ಹೊಲದವರು ಈ ಆಸೆ ಬಿಡ್ರಿ.

ಹುಮನಾಬಾದಿನವರ ಜಂಬಿಟ್ಟಿಗೆ ಬ್ಯಾರೆ. ನೀರು ಬಸೀತದ, ಹುಳಿನೂ ಅದ.

ಕಾಲುವಿ ಕೆಳಗ (ಶಹಾಪುರ)

ಎಲ್ಲಾ ಕಡೆ ಆಗಲ್ಲ ಅನ್ನೋದು ಸರಿ ಅಲ್ರಿ. ನಾರಾಯಣಪುರ ಎಡದಂಡೆ ಕಾಲುವಿ ಕೆಳಗ ಶಹಾಪುರ, ಸುರಪುರ ಕಡೆ ಭತ್ತದ ಗದ್ದಿ ಸಾಲಾಗಿ ಅವ. ನೀರು ನಿಂತ ಗದ್ದಿ ನಡುವಿನ ಗಾಳಿ ತಂಪು ಇರ್ತದ. ಕಾಲುವಿ ಬದಿಗೆ ಮಸಾರಿ (ಕೆಂಪು) ಮಣ್ಣೂ ಅದ. ಅಲ್ಲಿ ಬೆತ್ತ ಯಾಕ ಬರಬಾರದು?

ತಾಳಿಗಿಡ (ಕಲಬುರಗಿ)

ಅಣ್ಣಾ, ಗದ್ದೆಯ ತಂಪು ಇರುವುದು ಬೆಳೆ ನಿಂತಿರುವಷ್ಟು ದಿನ. ಬೆತ್ತಕ್ಕೆ ಕಷ್ಟದ ಕಾಲ ಏಪ್ರಿಲ್, ಮೇ. ಆಗ ಕಾಲುವೆಗೂ ನೀರು ಬಿಡುವುದಿಲ್ಲ, ಗದ್ದೆಯೂ ಖಾಲಿ. ಹತ್ತು ತಿಂಗಳು ಚೆನ್ನಾಗಿ ಬೆಳೆದದ್ದು ಎರಡು ತಿಂಗಳಲ್ಲಿ ಸುಡುತ್ತದೆ. ಬೇಸಿಗೆಯಲ್ಲೂ ಹರಿಯುವ ಬಸಿಗಾಲುವೆ ಪಕ್ಕ, ಹೊಂಗೆ ಅಥವಾ ಮಾವಿನ ಸಾಲಿನ ಕೆಳಗೆ ಜಾಗ ಇದ್ದರೆ ನಾಲ್ಕು ಬುಡ ಹಚ್ಚಿ ನೋಡಬಹುದು. ಬಿಸಿಲಿಗೆ ತೆರೆದ ಕಾಲುವೆ ಏರಿಯ ಮೇಲೆ ಬೇಡ. ಇನ್ನೊಂದು, ಏರಿ ನಿಮ್ಮದಲ್ಲ, ನೀರಾವರಿಯವರದು.

ಕಾಲುವಿ ಕೆಳಗ (ಶಹಾಪುರ)

ಮೇ ತಿಂಗಳ ಮಾತು ಒಪ್ಪಿದೆ. ಬಸಿಗಾಲುವಿ ಆಸರಿಗೆ ಹೊಂಗಿ ಸಾಲು ಇರೋ ಜಾಗ ನಮ್ಮಲ್ಲಿ ಅವ, ಅಲ್ಲಿ ನೋಡೋಣು. ಬೀಜದಿಂದ ಮಾಡೋದು ಹ್ಯಾಂಗ?

ಸಸಿಮಡಿ (ಬಸವಕಲ್ಯಾಣ)

ಬೀಜದಿಂದ ಮಾಡುವವರು ಹೆಚ್ಚಾಗಿ ಸೋಲುವುದು ಒಂದೇ ಕಾರಣಕ್ಕೆ: ತೊಗರಿ, ಜೋಳದ ಬೀಜದಂತೆ ಬಿಸಿಲಿಗೆ ಒಣಗಿಸಿ ಡಬ್ಬಿಯಲ್ಲಿ ಇಡುತ್ತಾರೆ. ಬೆತ್ತದ ಬೀಜ ಒಣಗಿದರೆ ಸತ್ತಂತೆ. ಹಣ್ಣು ಕಿತ್ತ ದಿನದಿಂದಲೇ ಲೆಕ್ಕ ಶುರು.

ಹಣ್ಣಿನ ಮೇಲೆ ಹಾವಿನ ಪೊರೆಯಂಥ ಚಿಪ್ಪುಗಳಿರುತ್ತವೆ. ಹಸಿರು ಹೋಗಿ ಹುಲ್ಲಿನ ಬಣ್ಣಕ್ಕೆ ಬಂದಾಗ ಬಲಿತಿದೆ ಎಂದು ಅರ್ಥ. ಒಂದೆರಡು ದಿನ ನೀರಲ್ಲಿ ನೆನೆಹಾಕಿ, ಮರಳು ಬೆರೆಸಿ ಗೋಣಿಚೀಲದ ಮೇಲೆ ತಿಕ್ಕಿದರೆ ಚಿಪ್ಪು, ಒಳಗಿನ ಹುಳಿ ತಿರುಳು ಎರಡೂ ಬಿಡುತ್ತವೆ. ತಿರುಳು ಪೂರ್ತಿ ಹೋಗಬೇಕು. ಅದು ಮೊಳಕೆಯನ್ನು ತಡೆಯುತ್ತದೆ, ಜೊತೆಗೆ ಬೂಸ್ಟು, ಇರುವೆ ಕರೆಯುತ್ತದೆ. ತೊಳೆದ ಬೀಜವನ್ನು ಬಕೆಟ್ ನೀರಿಗೆ ಹಾಕಿ ತೇಲಿದ್ದನ್ನು ಎಸೆಯಿರಿ. ದೂರದಿಂದ ತರಿಸುವುದಾದರೆ ಒದ್ದೆ ಮರದ ಹೊಟ್ಟಿನಲ್ಲಿ ಹುದುಗಿಸಿ, ತೂತು ಮಾಡಿದ ಪ್ಲಾಸ್ಟಿಕ್ ಚೀಲದಲ್ಲಿ ತರಿಸಿ. ಬಂದ ದಿನವೇ ಮಡಿಗೆ ಹಾಕಿ.

ಮಡಿಗೆ ಸಮಪಾಲು ಹೊಳೆಮರಳು, ಮರದ ಹೊಟ್ಟು. ಬೀಜದ ಆಳ ಒಂದರಿಂದ ಒಂದೂವರೆ ಸೆಂಟಿಮೀಟರ್. ಮೇಲೆ ತೆಳ್ಳಗೆ ಹುಲ್ಲು, ಅದರ ಮೇಲೆ 50% ನೆರಳುಬಲೆ. ನಮ್ಮ ಗಾಳಿಗೆ ಬಲೆ ತಲೆಯ ಮೇಲಷ್ಟೇ ಇದ್ದರೆ ಸಾಲದು, ಪಡುವಣ ಬದಿಗೂ ಇಳಿಬಿಡಿ. ದಿನಕ್ಕೆ ಎರಡು ಸಲ ಜರಡಿ ಬಾಯಿಯ ಕ್ಯಾನಿನಿಂದ ನೀರು. ಮೊಳಕೆ ಒಂದೇ ಸಲ ಬರುವುದಿಲ್ಲ: ಕೆಲವು ಒಂದು ತಿಂಗಳೊಳಗೆ ಬಂದರೆ ಕೆಲವು ಮೂರು, ನಾಲ್ಕು ತಿಂಗಳು ತೆಗೆದುಕೊಳ್ಳುತ್ತವೆ. ಅಷ್ಟರಲ್ಲೇ ಬೇಸರಪಟ್ಟು ಮಡಿ ಕೆದಕಬೇಡಿ.

ಸೂಜಿಯಂಥ ಮೊದಲ ಕುಡಿ ಎದ್ದಾಗ, ಎಲೆ ಬಿಚ್ಚುವ ಮೊದಲೇ 6 ಇಂಚು ಅಗಲ 9 ಇಂಚು ಎತ್ತರದ ಚೀಲಕ್ಕೆ ಕೀಳಬೇಕು. ತಡವಾದರೆ ಬೇರು ಒಂದಕ್ಕೊಂದು ಸುತ್ತಿಕೊಳ್ಳುತ್ತದೆ. ಬುಡಕ್ಕೆ ಅಂಟಿದ ಬೀಜವನ್ನು ಚಿವುಟಬೇಡಿ, ಸಸಿ ಇನ್ನೂ ಅದರಿಂದಲೇ ಉಣ್ಣುತ್ತಿರುತ್ತದೆ. ಚೀಲದ ಮಿಶ್ರಣ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ. ಅರೆಬೆಂದ ಗೊಬ್ಬರ ಹಾಕಿದರೆ ಗೊಣ್ಣೆಹುಳು ಬಂದು ಬೇರು ತಿನ್ನುತ್ತದೆ. ಒಂದು ವರ್ಷ ನೆರಳಲ್ಲೇ ಇರಲಿ. ಬೋರ್‌ವೆಲ್ ನೀರು ಉಪ್ಪಾಗಿದ್ದರೆ ಗರಿತುದಿ ಕಂದಾಗುತ್ತದೆ. ಅಂಥಲ್ಲಿ ಬಾವಿಯ ಅಥವಾ ಮಳೆಯ ನೀರೇ ವಾಸಿ.

ಬುಡದ ಮರಿ ಸಿಕ್ಕರೆ ಅದರಿಂದಲೂ ಮಾಡಬಹುದು. ಒಂದು, ಒಂದೂವರೆ ಅಡಿ ಎತ್ತರದ, ಸ್ವಂತ ಬೇರು ಇರುವ ಮರಿಯನ್ನೇ ತೆಗೆಯಿರಿ. ಗರಿ ಅರ್ಧ ಕತ್ತರಿಸಿ ಚೀಲಕ್ಕೆ ಹಾಕಿ ನೆರಳಲ್ಲಿ ಇಡಿ. ಬೀಜದ ಸಸಿಗಿಂತ ಸಾಯುವುದು ಜಾಸ್ತಿ.

ಬಾವಿದಂಡಿ (ಹುಮನಾಬಾದ್)

ಬಾಳ ಉಪಕಾರ ಆಯ್ತ್ರಿ. ಮಾವಿನ ಗಿಡಕ್ಕೇ ಹಬ್ಬಿಸಬಹುದಾ? ಗಂಡು ಹೆಣ್ಣು ಬ್ಯಾರೆ ಬ್ಯಾರೆ ಅಂತಾರಲ್ಲ, ಅದರ ಲೆಕ್ಕ ಏನು?

ಸಸಿಮಡಿ (ಬಸವಕಲ್ಯಾಣ)

ಹಣ್ಣು ಕೀಳುವ ಮಾವಿಗೆ ಹಬ್ಬಿಸಬೇಡಿ. ಬೆತ್ತದ ಎಲೆಹೊದಿಕೆ ತುಂಬ ಮುಳ್ಳು, ಸಾಲದ್ದಕ್ಕೆ ಚಾಟಿಯಂಥ ಉದ್ದ ಬಳ್ಳಿ ಹೊರಡುತ್ತದೆ. ಅದರ ತುಂಬ ಹಿಂದಕ್ಕೆ ಬಾಗಿದ ಕೊಕ್ಕೆ. ಗಿಡ ಹತ್ತುವುದು ಅದರಿಂದಲೇ. ಅಂಗಿಗೆ ಸಿಕ್ಕರೆ ಎಳೆದಷ್ಟೂ ಬಿಗಿಯುತ್ತದೆ, ಹಿಂದಕ್ಕೆ ಸರಿದು ಬಿಡಿಸಿಕೊಳ್ಳಬೇಕು. ಒಮ್ಮೆ ಹಬ್ಬಿದರೆ ಆ ಮಾವಿಗೆ ಏರುವುದು ಮುಗಿಯಿತು. ಮಾವಿನ ನೆರಳು ಬಳಸಿಕೊಂಡು, ಪಕ್ಕದ ಬೇವು ಅಥವಾ ಹೊಂಗೆಗೆ ಹಬ್ಬಿಸಿ. ದನ ಹೋಗುವ ಹಾದಿ, ಮಕ್ಕಳು ಆಡುವ ಜಾಗದಿಂದ ದೂರ ಇರಲಿ.

ಗಂಡು ಬುಡ, ಹೆಣ್ಣು ಬುಡ ಬೇರೆಯೇ. ಹೂ ಬರುವವರೆಗೂ ಗುರುತು ಹತ್ತುವುದಿಲ್ಲ. ಬರೀ ಬೆತ್ತ ಬೇಕಿದ್ದರೆ ಯಾವುದಾದರೂ ಸರಿ. ಬೀಜವೂ ಬೇಕೆಂದರೆ ಕನಿಷ್ಠ ಏಳೆಂಟು ಬುಡ ಹತ್ತಿರ ಹತ್ತಿರ ಹಚ್ಚಿದರೆ ಎರಡೂ ಸಿಗುವ ಸಾಧ್ಯತೆ ಹೆಚ್ಚು.

ಗುಂಡಿ ಎರಡು ಅಡಿ ಉದ್ದ, ಅಗಲ, ಆಳ. ಜಂಬಿಟ್ಟಿಗೆಯಲ್ಲಿ ಒಂದಡಿ ಕೆಳಗೆ ಕಲ್ಲು ಸಿಗುತ್ತದೆ, ಅದನ್ನು ಒಡೆದೇ ತೀರಬೇಕು, ಇಲ್ಲದಿದ್ದರೆ ಗುಂಡಿ ಬಟ್ಟಲಾಗಿ ನೀರು ನಿಲ್ಲುತ್ತದೆ. ಮೇಲ್ಮಣ್ಣು, ಒಂದು ಬುಟ್ಟಿ ಕಳಿತ ಗೊಬ್ಬರ, ಒಣಗಿದ ಮಾವಿನೆಲೆ ತುಂಬಿಸಿ. ಬುಡದಿಂದ ಬುಡಕ್ಕೆ 3 ಮೀಟರ್. ಜೂನ್ ಕೊನೆಯಲ್ಲಿ ಎರಡು ಹದ ಮಳೆ ಆದ ಮೇಲೆ ಹಚ್ಚಿ. ಮೊದಲ ಮಳೆಗೇ ಆತುರ ಬೇಡ, ನಡುವೆ ಬಿಸಿಲು ಹೊಡೆಯುತ್ತದೆ. ಚೀಲದಲ್ಲಿದ್ದ ಮಣ್ಣಿನ ಮಟ್ಟಕ್ಕೇ ಇಡಿ. ಕುಡಿಯ ಬುಡ ಮಣ್ಣಲ್ಲಿ ಹೂತರೆ ಕೊಳೆಯುತ್ತದೆ.

ಹಚ್ಚಿದ ಮೇಲೆ ಒಂದೆರಡು ವರ್ಷ, ಕೆಲವೊಮ್ಮೆ ಮೂರು ವರ್ಷ, ಗಿಡ ನೆಲದ ಮೇಲೆ ಗರಿಯ ಗೊಂಚಲಾಗಿ ಕೂತೇ ಇರುತ್ತದೆ. ಕಾಂಡ ಏಳುವುದಿಲ್ಲ. ಕುಂಠಿತವಾಯಿತು ಎಂದು ಕೀಳುವವರು ಇಲ್ಲೇ ಎಡವುತ್ತಾರೆ. ಬುಡ ತನ್ನ ಪೂರ್ತಿ ದಪ್ಪಕ್ಕೆ ಬರುವ ಕಾಲ ಅದು. ಆದರೆ ನೆರಳು ತೀರಾ ಕತ್ತಲಾದರೆ ವರ್ಷಗಟ್ಟಲೆ ಹಾಗೇ ಕೂತುಬಿಡುತ್ತದೆ. ಮೂರನೇ ವರ್ಷ ಮಾವಿನ ಕೆಳಗೊಂಬೆ ಸವರಿ ಅರ್ಧ ಬಿಸಿಲು ಬೀಳುವಂತೆ ಮಾಡಿ. ಫೆಬ್ರುವರಿಯಿಂದ ಜೂನ್‌ವರೆಗೆ ಬುಡದ ಸುತ್ತ ಅರ್ಧ ಅಡಿ ಮುಚ್ಚಿಗೆ ಕಡ್ಡಾಯ. ಕಬ್ಬಿನ ರವದಿ, ತೊಗರಿ ಹೊಟ್ಟು ಏನಾದರೂ ನಡೆಯುತ್ತದೆ. ಕಾಂಡಕ್ಕೆ ಒಂದು ಅಂಗೈ ಅಗಲ ಜಾಗ ಬಿಟ್ಟು ಹರಡಿ.

ಹಸರು ಬೇಲಿ (ಚಿಂಚೋಳಿ)

ಚಿಂಚೋಳಿ ಕಾಡಿನಾಗ ತಾನಾಗೇ ಬೆಳೀತದೇನೋ ಅಂತ ಕೆಲವರು ಕೇಳ್ತಾರ, ಅದಕ್ಕ ಹೇಳ್ತೀನಿ: ಅದು ಒಣ ಎಲೆಯುದುರು ಕಾಡು. ಬ್ಯಾಸಗಿದಾಗ ಬೋಳಾಗ್ತದ. ಬೆತ್ತಕ್ಕ ನೆರಳು ಬೇಕಾದಾಗೇ ಅಲ್ಲಿ ನೆರಳು ಇರಂಗಿಲ್ಲ.

ಕಾಯ್ದೆ ಮಾತೂ ತಿಳಕೊಂಡಿರ್ರಿ. 1927ರ ಭಾರತೀಯ ಅರಣ್ಯ ಕಾಯ್ದೆದಾಗ "ಮರ" ಅಂದ್ರ ತಾಳೆ, ಬಿದರು, ಬೆತ್ತ ಎಲ್ಲಾ ಸೇರಿತ್ತು. 2017ರ ತಿದ್ದುಪಡಿ ಬಿದರಷ್ಟೇ ಹೊರಗ ತೆಗೀತು, ಬೆತ್ತ ಒಳಗೇ ಉಳೀತು. ಬಿದರಿಗೆ ಸಿಕ್ಕ ಸಡಿಲಿಕೆ ಬೆತ್ತಕ್ಕೂ ಅದ ಅಂತ ತಿಳಕೊಂಡು ಗಾಡಿಗೆ ಹೇರಬ್ಯಾಡ್ರಿ. 2006ರ ಅರಣ್ಯ ಹಕ್ಕು ಕಾಯ್ದೆದಾಗ ಬೆತ್ತ ಕಿರು ಅರಣ್ಯ ಉತ್ಪನ್ನ, ಅದು ಕಾಡಿನ ಹಕ್ಕುದಾರರಿಗೆ ಸಂಬಂಧಪಟ್ಟಿದ್ದು. ಸ್ವಂತ ಹೊಲದ್ದು ಸಾಗಿಸೋ ಮೊದಲ ವಲಯ ಅರಣ್ಯಾಧಿಕಾರಿ ಕಚೇರಿದಾಗ ಬರವಣಿಗಿ ತಗೋರಿ. ಹಚ್ಚಿದ ವರ್ಷವೇ ಪಹಣಿ ಬೆಳೆ ಕಾಲಂನಾಗ ನಮೂದು ಮಾಡ್ಸಿದ್ರ ಮುಂದ ತ್ರಾಸ ಕಡಿಮಿ.

ಬುಟ್ಟಿಹೆಣಿಗಿ (ಬೀದರ)

ಕಟಾವು, ಹದದ ಬಗ್ಗೆ ಯಾರೂ ಬರೆದಿಲ್ಲ, ಅದಕ್ಕೆ ಸೇರಿಸುತ್ತೇನೆ.

ಸಣ್ಣ ಬೆತ್ತ 7ರಿಂದ 10 ವರ್ಷಕ್ಕೆ ಕೊಯ್ಲಿಗೆ ಬರುತ್ತದೆ. ಬಲಿತದ್ದು ಗುರುತಿಸುವುದು ಹೊದಿಕೆಯಿಂದ: ಕೆಳಭಾಗದ ಎಲೆಹೊದಿಕೆ ಒಣಗಿ ಉದುರಿ, ಹೊಳೆಯುವ ಕಾಂಡ ಕಾಣುತ್ತಿರಬೇಕು. ಮಳೆಗಾಲದಲ್ಲಿ ಕಡಿಯಬೇಡಿ, ಒಣಗುವುದಿಲ್ಲ. ನೆಲದಿಂದ ಒಂದಡಿ ಮೇಲೆ ಕುಡುಗೋಲಿನಿಂದ ಓರೆಯಾಗಿ ಕಡಿದು, ಕೈಗೆ ದಪ್ಪ ಚರ್ಮದ ಗವಸು ಹಾಕಿ ಇಬ್ಬರು ಎಳೆಯಬೇಕು. ಎಳೆಯುವಾಗ ಮುರಿದ ಕೊಂಬೆಯೂ ಬೀಳುತ್ತದೆ, ನೇರ ಕೆಳಗೆ ನಿಲ್ಲಬೇಡಿ. ತುದಿಯ ಎರಡು, ಮೂರು ಮೀಟರ್ ಎಳೆಯದು. ಒಣಗಿದರೆ ಸುಕ್ಕುಗಟ್ಟಿ ಮುರಿಯುತ್ತದೆ, ಅದನ್ನು ಅಲ್ಲೇ ಬಿಡಿ. ಒಂದು ಬುಡದ ಎಲ್ಲಾ ಕಾಂಡ ಒಮ್ಮೆಗೇ ಕಡಿದರೆ ಮರಿಗಳು ಸೊರಗುತ್ತವೆ. ಬಲಿತದ್ದನ್ನಷ್ಟೇ ತೆಗೆಯಿರಿ.

ಕಡಿದ ಬೆತ್ತವನ್ನು ಹಸಿಯಾಗಿ ರಾಶಿ ಹಾಕಿದರೆ ಕೆಲವೇ ದಿನದಲ್ಲಿ ನೀಲಿ, ಕಪ್ಪು ಕಲೆ ಏಳುತ್ತದೆ. ಅದು ಬೂಸ್ಟು. ಒಳಗೆ ಇಳಿದ ಮೇಲೆ ಉಜ್ಜಿದರೂ ಹೋಗುವುದಿಲ್ಲ. ಈ ವಿಷಯದಲ್ಲಿ ನಮ್ಮ ಒಣಗಾಳಿ ದೊಡ್ಡ ಆಸ್ತಿ: ಮಲೆನಾಡಲ್ಲಿ ವಾರಗಟ್ಟಲೆ ಹಿಡಿಯುವುದು ಬೀದರದಲ್ಲಿ ಬೇಗ ಮುಗಿಯುತ್ತದೆ. ಗೋಡೆಗೆ ನೆಟ್ಟಗೆ ಆನಿಸಿ, ನಡುವೆ ಗಾಳಿಯಾಡಲು ಬಿಟ್ಟು, ದಿನಕ್ಕೊಮ್ಮೆ ತಿರುವಿ.

ದಪ್ಪ ಬೆತ್ತವನ್ನು ಕಾರ್ಖಾನೆಗಳಲ್ಲಿ ಡೀಸೆಲ್, ಸೀಮೆಎಣ್ಣೆ ಅಥವಾ ಬೇರೆ ಎಣ್ಣೆಯಲ್ಲಿ ಕುದಿಸಿ ಒಳಗಿನ ನೀರು, ಮೇಣ ತೆಗೆಯುತ್ತಾರೆ. ಮನೆಯಲ್ಲಿ ಇದನ್ನು ಮಾಡಬೇಡಿ, ಹಸಿ ಬೆತ್ತದ ನೀರು ಕಾದ ಎಣ್ಣೆಗೆ ಬಿದ್ದು ಉಕ್ಕಿದರೆ ಬೆಂಕಿ ಹತ್ತುತ್ತದೆ. ಸಣ್ಣ ಬೆತ್ತಕ್ಕೆ ಅದರ ಅಗತ್ಯವೂ ಇಲ್ಲ. ಲೀಟರ್ ನೀರಿಗೆ 20 ಗ್ರಾಂ ಬೋರಿಕ್ ಆಸಿಡ್, 30 ಗ್ರಾಂ ಬೋರಾಕ್ಸ್ ಬಿಸಿನೀರಲ್ಲಿ ಕರಗಿಸಿ, ಆರಿದ ಮೇಲೆ ಒಂದು ದಿನ ಮುಳುಗಿಸಿಟ್ಟು ನೆರಳಲ್ಲಿ ಒಣಗಿಸಿ. ಕುಟ್ಟೆ ಹುಳು ಬರುವುದು ಬೆತ್ತದೊಳಗಿನ ಪಿಷ್ಟಕ್ಕೆ. ಕುರ್ಚಿ ಕೆಳಗೆ ಮೈದಾದಂಥ ಪುಡಿ ಬಿದ್ದರೆ ಅದೇ. ಈ ದ್ರಾವಣ ಮಳೆಗೆ ತೊಳೆದುಹೋಗುತ್ತದೆ, ಅಂಗಳದ ಸಾಮಾನಿಗೆ ಉಪಯೋಗವಿಲ್ಲ. ವಾರ್ನಿಶ್ ಹಚ್ಚಿದ ಬೆತ್ತದೊಳಕ್ಕೂ ಇಳಿಯುವುದಿಲ್ಲ.

ಬಿದಿರಿನ ಬುಟ್ಟಿ ಹೆಣೆಯುತ್ತಿದ್ದ ಶರಣ ಮೇದಾರ ಕೇತಯ್ಯನವರ ಕಲ್ಯಾಣ (ಈಗಿನ ಬಸವಕಲ್ಯಾಣ) ನಮ್ಮ ಜಿಲ್ಲೆಯದು. ಬಿದಿರು ಸೀಳುವ ಕೈ ಇಲ್ಲಿ ಇನ್ನೂ ಇದೆ. ಆ ಕೈಗೆ ಬೆತ್ತ ಸೀಳುವುದು ಬೇಗ ಹತ್ತುತ್ತದೆ. ಬಿದಿರಿಗೆ ಕತ್ತಿ ಗೆಣ್ಣಿನಲ್ಲಿ ಜಿಗಿಯುತ್ತದೆ. ಬೆತ್ತಕ್ಕೆ ಒಂದೇ ಒತ್ತಡದಲ್ಲಿ ಸಾಗಬೇಕು, ಸೀಳು ಒಂದು ಬದಿಗೆ ಓಡಿದರೆ ದಪ್ಪ ಇರುವ ಕಡೆಯ ಸೀಳನ್ನು ಹೆಚ್ಚು ಬಗ್ಗಿಸಿ ನಡುವಿಗೆ ತರಬೇಕು.

ಕೇನ್ ಕುರ್ಚಿ (ಕಲಬುರಗಿ)

ನಮ್ಮ ಊರಾಗ ಬೆತ್ತ ಬೆಳೆಯೋರಿಗಿಂತ ಬೆತ್ತದ ಕುರ್ಚಿ ಹರಕೊಂಡು ಕೂತೋರು ಬಾಳ. ಹಳೇ ತೇಗದ ಕುರ್ಚಿಗೆ ಪ್ಲಾಸ್ಟಿಕ್ ಪಟ್ಟಿ ಸುತ್ತಬ್ಯಾಡ್ರಿ, ದಯವಿಟ್ಟು. ಖರೇ ಬೆತ್ತದ ಪಟ್ಟಿಗೆ ನಡು ನಡು ಗೆಣ್ಣಿನ ಗುರುತು ಇರ್ತದ, ಪ್ಲಾಸ್ಟಿಕ್‌ಗೆ ಇರಂಗಿಲ್ಲ.

ಪಟ್ಟಿ ಅಗಲ ಕುರ್ಚಿ ಚೌಕಟ್ಟಿನ ತೂತಿನ ಅಂತರ ನೋಡಿ ಆರಿಸ್ರಿ. ತೂತಿಂದ ತೂತಿಗೆ ಅರ್ಧ ಇಂಚು ಇದ್ರ 2.25 ಮಿ.ಮೀ. ಪಟ್ಟಿ, ಮುಕ್ಕಾಲು ಇಂಚು ಇದ್ರ 3 ಮಿ.ಮೀ. ಅಗಲ ಜಾಸ್ತಿ ಆದ್ರ ಕಡೀಗೆ ಓರೆ ಪಟ್ಟಿ ಹಾಯಲಿಕ್ಕೆ ಜಾಗ ಸಿಗಂಗಿಲ್ಲ. ಒಂದು ಕೂಡೋ ಭಾಗಕ್ಕ ಸುಮಾರು 80ರಿಂದ 90 ಮೀಟರ್ ಬೇಕು. ಉಗುರು ಬೆಚ್ಚಗಿನ ನೀರಾಗ 20 ನಿಮಿಷ ನೆನಸ್ರಿ. ರಾತ್ರಿಯೆಲ್ಲಾ ನೆನಸಿದ್ರ ಬಣ್ಣ ಕಪ್ಪಾಗ್ತದ.

ಮೊದಲ ಹಿಂದಿನಿಂದ ಮುಂದಕ್ಕ, ನಡುವಿನ ತೂತಿಂದ ಶುರು ಮಾಡಿ ಎರಡೂ ಬದಿಗೆ. ಹೊಳಪಿನ ಮೈ ಯಾವಾಗೂ ಮ್ಯಾಲ. ಎರಡನೇದು ಅದರ ಮ್ಯಾಲ ಅಡ್ಡ. ಮೂರನೇದು ಮತ್ತ ಹಿಂದಿನಿಂದ ಮುಂದಕ್ಕ, ಅದೇ ತೂತಿನಾಗ, ಎಲ್ಲಾದರ ಮ್ಯಾಲ, ಮೊದಲಿನದರ ಬಲಕ್ಕ ಒಂದು ಕೂದಲು ಸರಿಸಿ. ಇಲ್ಲಿ ತನಕ ಹೆಣಿಗಿ ಇಲ್ಲ, ಬರೀ ಹಾಸೋದು. ಬಿಗಿ ಎಳೀಬ್ಯಾಡ್ರಿ, ಮುಂದ ಒಣಗಿದಾಗ ತಾನೇ ಬಿಗೀತದ. ನಾಲ್ಕನೇದು ಅಡ್ಡ ಹೆಣಿಗಿ: ಮೂರನೇ ಸಾಲಿನ ಮ್ಯಾಲ, ಒಂದನೇ ಸಾಲಿನ ಕೆಳಗ. ಹೆಣೆದಾದ ಮ್ಯಾಲ ಎರಡು ಮೊಳಿ ತಗೊಂಡು ಜೋಡಿ ಜೋಡಿ ಒತ್ತಿ ಚೌಕ ನೇರ ಮಾಡ್ರಿ. ಐದನೇದು, ಆರನೇದು ಓರೆ ಸಾಲು. ಒಂದು ಓರೆ ಉದ್ದದ ಜೋಡಿ ಕೆಳಗ, ಅಡ್ಡದ ಜೋಡಿ ಮ್ಯಾಲ ಹೋದ್ರ, ಎದುರಿನ ಓರೆ ಅದರ ಉಲ್ಟಾ. ಸರಿ ಇದ್ರ ಪಟ್ಟಿ ಚೌಕದ ಮೂಲಿಗೆ ಜಾರಿ ಕೂಡ್ತದ. ತಪ್ಪಿದ್ರ ಅಡ್ಡ ಸಿಕ್ಕು ಅಂಚು ಎಳಿ ಎಳಿ ಹರೀತದ. ಅಲ್ಲೇ ನಿಲ್ಸಿ ಬಿಚ್ರಿ, ಮುಂದುವರಿದ್ರ ಪೂರಾ ಸಾಲು ಹಾಳು. ಏಳನೇದು ಅಂಚಿನ ಅಗಲ ಪಟ್ಟಿ, ತೂತು ಮುಚ್ಚೋದಕ್ಕ.

ಕೆಳಗ ಗಂಟು ಹಾಕೋವಾಗ ಪಟ್ಟಿ ಒದ್ದಿ ಇರ್ಬೇಕು. ಒಣಾ ಇದ್ದಾಗ ಬಗ್ಗಿಸಿದ್ರ ಅಲ್ಲೇ ಟಕ್ ಅಂತದ. ಕಲಬುರಗಿ ಬ್ಯಾಸಗಿದಾಗ ಕೈಯಾಗಿನ ಪಟ್ಟಿ ಹತ್ತು ನಿಮಿಷಕ್ಕ ಒಣಗ್ತದ, ಒದ್ದಿ ಅರಿಬಿ ಪಕ್ಕಕ್ಕೇ ಇರ್ಲಿ, ಫ್ಯಾನ್ ಬಂದ್ ಇರ್ಲಿ.

ಕಾಲುವಿ ಕೆಳಗ (ಶಹಾಪುರ)

ಹೆಣೆದ ಕುರ್ಚಿ ನಮ್ಮಲ್ಲಿ ಎರಡು ಬ್ಯಾಸಗಿಗೇ ತುಂಡಾಗ್ತಾವಲ್ರಿ, ಮಲೆನಾಡಿನವು ಯಾಕ ಬಾಳಿಕಿ ಬರ್ತಾವ?

ಕೇನ್ ಕುರ್ಚಿ (ಕಲಬುರಗಿ)

ಗಿಡಕ್ಕ ಮ್ಯಾಲ ಹೇಳಿದ ಕಾರಣವೇ ಕುರ್ಚಿಗೂ. ಗಾಳಿದಾಗ ತೇವ ಇಲ್ಲ. ಮಾರ್ಚಿಂದ ಜೂನ್‌ತನಕ ಹದಿನೈದು ದಿನಕ್ಕೊಮ್ಮೆ ಕುರ್ಚಿ ಬೋರಲು ಹಾಕಿ, ಕೆಳಮೈಗೆ ಒದ್ದಿ ಅರಿಬಿ ಅರ್ಧ ತಾಸು ಹಾಸಿ ತೆಗೀರಿ. ಹೊಳಪಿನ ಮ್ಯಾಲಮೈ ನೀರು ಕುಡಿಯಂಗಿಲ್ಲ, ಕೆಳಗಿನ ಒರಟು ಮೈ ಕುಡೀತದ. ಅದಕ್ಕೇ ಕೆಳಗ ದಪ್ಪ ವಾರ್ನಿಶ್ ಬಳೀಬ್ಯಾಡ್ರಿ. ಜೋತು ಬಿದ್ದಿದ್ರ ಕೆಳಮೈಗೆ ಬಿಸಿನೀರು ಅದ್ದಿ ರಾತ್ರಿ ಯಾರೂ ಕೂಡದಂಗ ಇಟ್ರ ಮುಂಜಾನಿಗೆ ಬಿಗೀತದ. ಎಳಿ ಹರಿದಿದ್ರ ಬಿಗಿಯಂಗಿಲ್ಲ. ಮೊಣಕಾಲು ಊರಿ ಕುರ್ಚಿ ಹತ್ತೋದು ಮೊದಲ ಬಿಡ್ರಿ, ಅರ್ಧ ಕುರ್ಚಿ ಅದಕ್ಕೇ ಹೋಗ್ತಾವ.

ಹಸರು ಬೇಲಿ (ಚಿಂಚೋಳಿ)

ಉಪಯೋಗದ ಮಾತಿಗೆ ಎರಡು ಸೇರಿಸ್ತೀನಿ. ಕ್ರಿಕೆಟ್ ಬ್ಯಾಟಿನ ಹಿಡಿ ಬೆತ್ತದ್ದೇ, ತುಂಡು ಜೋಡಿಸಿ ನಡುವ ರಬ್ಬರ್ ಪಟ್ಟಿ ಅಂಟಿಸಿರ್ತಾರ. ಚೆಂಡಿನ ಹೊಡತ ಕೈಗೆ ಬರದಂಗ ನುಂಗ್ತದ. ಹಗ್ಗದ ಮಲ್ಲಕಂಬ ಮೊದಲ ಬೆತ್ತದ ಮ್ಯಾಲೇ ಮಾಡ್ತಿದ್ರು, ಉದ್ದ ಬೆತ್ತ ಸಿಗದಂಗಾದ ಮ್ಯಾಲ ಹಗ್ಗ ಬಂತು. ಯುನಾನಿ ಅಂಗಡಿದಾಗ ಸಿಗೋ ಕೆಂಪು ರಾಳ ದಮ್ಮುಲ್ ಅಖ್ವೈನ್ ಅದ ಅಲ್ಲ, ಅದರಾಗೂ ಒಂದು ಬಗಿ ಸುಮಾತ್ರಾದ ಬೆತ್ತದ ಹಣ್ಣಿನ ಚಿಪ್ಪಿಂದ ಬರ್ತದ. ಅರೇಬಿಯಾ ಕಡಿ ಸೊಕೋತ್ರಾ ದ್ವೀಪದ್ದು ಬ್ಯಾರೆ ಗಿಡದ್ದು. ಎರಡೂ ಒಂದೇ ಅಂತ ತಗೋಬ್ಯಾಡ್ರಿ.

ಬಾವಿದಂಡಿ (ಹುಮನಾಬಾದ್)

ಮಲೇಷಿಯಾ ಸಸಿ ಬ್ಯಾಡ ಅಂತ ಹೇಳಿಬಿಟ್ಟೆ. ರೋಟಾಂಗ್ ಎಂಟು ಬುಡ ಹಚ್ಚೋದು, ಬಾವಿ ಮೂಡಣ ಬದಿಗೆ, ಮಾವಿನ ನೆರಳಿಗೆ, ಬೇವಿಗೆ ಹಬ್ಬಿಸೋದು ಅಂತ ಗಟ್ಟಿ ಮಾಡೀನಿ. ಸಸಿ ಎಲ್ಲಿ ಕೇಳಲಿ? ಹನಿ ನೀರಾವರಿ ಸಾಕಾ?

ತಾಳಿಗಿಡ (ಕಲಬುರಗಿ)

ಬೆತ್ತದ ಬಗ್ಗೆ ಹೆಚ್ಚು ಕೆಲಸ ಮಾಡಿದ್ದು ಕೇರಳದ ಪೀಚಿಯಲ್ಲಿರುವ ಕೇರಳ ಅರಣ್ಯ ಸಂಶೋಧನಾ ಸಂಸ್ಥೆ. ಬೆಂಗಳೂರಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲೂ ವಿಚಾರಿಸಿ. ಜಾತಿಯ ಹೆಸರು ಚೀಟಿಯ ಮೇಲೆ ಬರೆಸಿಕೊಂಡೇ ಸಸಿ ತನ್ನಿ.

ಹನಿ ಒಂದೇ ಸಾಲದು. ಬುಡಕ್ಕೆ ಹನಿ ಇರಲಿ, ಜೊತೆಗೆ ಆರಡಿ ಎತ್ತರಕ್ಕೆ ಎರಡು ಮಂಜು ನಳಿಕೆ ಕಟ್ಟಿ, ಮೇ ತಿಂಗಳಲ್ಲಿ ಮಧ್ಯಾಹ್ನ 12ರಿಂದ 4ರವರೆಗೆ ತಾಸಿಗೆ ಐದು ನಿಮಿಷ ಬಿಡಿ. ಪಡುವಣ ಬದಿಗೆ ಈಗಲೇ ಎರಡು ಸಾಲು ಗ್ಲಿರಿಸಿಡಿಯಾ (ಗೊಬ್ಬರದ ಗಿಡ) ಗೂಟ ಊರಿಬಿಡಿ. ಸಸಿ ಬರುವಷ್ಟರಲ್ಲಿ ಗಾಳಿಗೆ ತಡೆ ಎದ್ದಿರುತ್ತದೆ.

ಸಸಿಮಡಿ (ಬಸವಕಲ್ಯಾಣ)

ಮಂಜು ನಳಿಕೆಗೆ ಜರಡಿ ಹಾಕಿಸಿ. ಬಾವಿಯ ಪಾಚಿಗೆ ವಾರಕ್ಕೇ ಕಟ್ಟುತ್ತದೆ.